ಕುರುಗೋಡು ಅಂದರೆ ಗೊತ್ತಿಲ್ಲ ಎಂದ ಬೆಕ್ಕು

ಮೊನ್ನೆ ಹಳೇ ಸಿಡಿಗಳ ನಡುವೆ ಟಾಮ್‌ಕ್ಯಾಟ್ 5.5 ಸಿಕ್ಕಿತು. ಹಳೆಯದೆಲ್ಲ ನೆನಪಾಯ್ತು ನೋಡಿ!

ಆಗ ಬಳ್ಳಾರಿಯ ಮನೆಯ ಪಿಸಿಯನ್ನೇ ಸರ್ವರ್ ಮಾಡಿಕೊಂಡಿದ್ದೆ. ಜಿಲ್ಲೆಯ ಊರು, ಗುಡಿಗಳ ಪಟ್ಟಿ, ಮೇಲೊಂದು ಹುಡುಕು ಪೆಟ್ಟಿಗೆ, ಅಷ್ಟೇ. ಜಾವಾ ಹಾಕಿ, ಅದು ಎಲ್ಲಿದೆ ಅಂತ ತೋರಿಸಿ, 8080 ಪೋರ್ಟ್ ತೆರೆದರೆ ಬೆಕ್ಕಿನ ಚಿತ್ರ ಬಂತು. ಖುಷಿಯೋ ಖುಷಿ. ಕುರುಗೋಡು ಅಂತ ಟೈಪಿಸಿದೆ. ದೊಡ್ಡ ಬಸವೇಶ್ವರ ಗುಡಿ ಬರಬೇಕಿತ್ತು, ಏನೂ ಬರಲಿಲ್ಲ. ಸಿರುಗುಪ್ಪಕ್ಕೂ ಅದೇ ಗತಿ. ಇಂಗ್ಲಿಷಿನಲ್ಲಿ ಬರೆದರೆ ಮಾತ್ರ ಉತ್ತರ!

ಈ ಬೆಕ್ಕಿಗೆ ಒಂದು ವಂಶಾವಳಿ ಇದೆ. 1996ರಲ್ಲಿ ಡಬ್ಲ್ಯೂ3ಸಿ ಜಾವಾದಲ್ಲೇ ಬರೆದ 'ಜಿಗ್ಸಾ' ಸರ್ವರ್ ತಂದಿತು. ಹೆಸರಿನಂತೆಯೇ ತುಂಡು ತುಂಡು ಜೋಡಿಸುವಂಥದ್ದು. ಸನ್ ಕಂಪನಿಯಲ್ಲಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಬರೆದ ಟಾಮ್‌ಕ್ಯಾಟ್ 1999ರಲ್ಲಿ ಅಪಾಚೆಗೆ ಬಂತು. ಅದರಲ್ಲೂ ಕೆಲಸ ಹಂಚಿಕೆಯಾಗಿದೆ. ಕೊಯೋಟಿ ಬಾಗಿಲಲ್ಲಿ ನಿಂತು ಕೋರಿಕೆ ಪಡೆಯುತ್ತದೆ, ಕ್ಯಾಟಲೀನಾ ಸರ್ವ್ಲೆಟ್ ನಡೆಸುತ್ತದೆ, ಜ್ಯಾಸ್ಪರ್ ಜೆಎಸ್‌ಪಿ ಪುಟಗಳನ್ನು ನೋಡಿಕೊಳ್ಳುತ್ತದೆ.

ನನ್ನ ಕಳ್ಳ ಸಿಕ್ಕಿದ್ದು ಬಾಗಿಲಲ್ಲೇ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. 'ಕುರುಗೋಡು' ಎಂಟು ಸಂಕೇತ, 24 ಬೈಟ್. ಬ್ರೌಸರ್ ಸರಿಯಾಗಿಯೇ ಕಳಿಸಿತ್ತು. ಆದರೆ ವಿಳಾಸದ ಸಾಲಿನಲ್ಲಿ ಬಂದದ್ದನ್ನು ಕೊಯೋಟಿ ಐಎಸ್‌ಒ-8859-1 ಎಂದೇ ಓದುತ್ತಿತ್ತು. ಅದು ಪಶ್ಚಿಮ ಯುರೋಪಿನ ಲಿಪಿಯ ಲೆಕ್ಕ, ಬೈಟಿಗೊಂದು ಅಕ್ಷರ. ನನ್ನೂರ ಹೆಸರು 24 ಚೂರು ಕಸವಾಗಿತ್ತು!

ಎರಡು ರಾತ್ರಿ ನನ್ನ ಕೋಡನ್ನೇ ಬೈದುಕೊಂಡೆ. ಕೊನೆಗೆ ಸರ್ವರ್.ಎಕ್ಸ್‌ಎಂಎಲ್ ಕಡತದ ಕನೆಕ್ಟರ್ ಸಾಲಿಗೆ 'ಯುಆರ್‌ಐ ಎನ್‌ಕೋಡಿಂಗ್' ಯುಟಿಎಫ್-8 ಅಂತ ಸೇರಿಸಿ, ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಕುರುಗೋಡು ಬಂತು, ಸಿರುಗುಪ್ಪವೂ ಬಂತು. ತುಂಡುಗಳ ಸರ್ವರ್‌ನ ಲಾಭ ಇದೇ: ಕೆಟ್ಟದ್ದು ಬಾಗಿಲಾದರೆ ಬಾಗಿಲನ್ನಷ್ಟೇ ಸರಿಮಾಡಿದರಾಯ್ತು, ಮನೆ ಕೆಡವಬೇಕಿಲ್ಲ.

ಒಂದು ವಿಷಯ ಮಾತ್ರ ಇನ್ನೂ ಚುಚ್ಚುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಕೇಳದೆಯೇ ಈ ಬಾಗಿಲು ತೆರೆದದ್ದು ಟಾಮ್‌ಕ್ಯಾಟ್ 8ರಲ್ಲಿ. ಅದರ ಸ್ಥಿರ ಆವೃತ್ತಿ ಬಂದದ್ದು 2014ರಲ್ಲಿ. ಅದೇ ವರ್ಷದ ನವೆಂಬರ್ 1ರಂದು ಸರ್ಕಾರಿ ಇಂಗ್ಲಿಷಿನ 'ಬೆಲ್ಲಾರಿ'ಯೂ 'ಬಳ್ಳಾರಿ' ಆಯಿತು. ಕಾಕತಾಳೀಯ, ನಿಜ. ಆದರೆ ಎರಡೂ ಕಡೆ ನಮ್ಮ ಹೆಸರು ಮೊದಲೂ ಇತ್ತು, ಅದನ್ನು ಓದುವವರು ಬೇರೆ ಲೆಕ್ಕದಲ್ಲಿ ಓದುತ್ತಿದ್ದರು.

ನಿಮ್ಮೂರ ಹೆಸರನ್ನೂ ಯಾವುದಾದರೂ ಸರ್ವರ್ ಹೀಗೆ ನುಂಗಿತ್ತಾ? ಹೇಳಿ, ಕೇಳೋಣ.