ಒನಕೆ ಇಳಿಸಿದ ಕೈಗಳು

ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯ ಚರಿತ್ರೆ ಆರಂಭವಾಗುವುದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು 1918ರಲ್ಲಿ ಬೆರಿಬೆರಿ ರೋಗದ ಶೋಧನೆಗೆ ತೊಡಗಿದರು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ಇಂದಿನ ಹೆಸರನ್ನು ಪಡೆಯಿತು.

ಮೆಕ್‌ಕ್ಯಾರಿಸನ್ನರ ಪ್ರಸಿದ್ಧ ಪ್ರಯೋಗವೊಂದರಲ್ಲಿ ನಾವೂ ಇದ್ದೇವೆ. ಭಾರತದ ನಾನಾ ಪ್ರಾಂತಗಳ ಊಟವನ್ನು ಎಳೆಯ ಇಲಿಗಳಿಗೆ ಉಣಿಸಿ ಅವರು ತೂಗಿ ನೋಡಿದರು. ಗೋಧಿ, ಹಾಲು, ಬೇಳೆ, ಸೊಪ್ಪುಗಳಿದ್ದ ಸಿಖ್ಖರ ಊಟ ಮೊದಲ ಸ್ಥಾನ ಪಡೆಯಿತು. ಅಕ್ಕಿಯೇ ಪ್ರಧಾನವಾದ ಮದ್ರಾಸಿನ ಊಟಕ್ಕೆ ಕೊನೆಯ ಸ್ಥಾನ. ಕನ್ನಡಿಗರ ಊಟ ನಿಂತದ್ದು ಕೆಳಗಿನ ಅರ್ಧದಲ್ಲಿ. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಅಳೆದದ್ದು ಬೆಳವಣಿಗೆಯನ್ನು. ಬೆಳೆದು ಮುಗಿದ ದೇಹ ಸವೆಯುವ ಬಗೆಯನ್ನಲ್ಲ.

ಹೈದರಾಬಾದಿಗೆ ಬಂದ ಮೇಲೂ ಸಂಸ್ಥೆಯ ಹೆಸರಾಂತ ಕೆಲಸಗಳ ಕೇಂದ್ರದಲ್ಲಿದ್ದವರು ಮಗು, ಬಸುರಿ ಮತ್ತು ಬಡ ಕೂಲಿಕಾರ. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ದಖ್ಖನಿನ ಜೋಳದೂಟಕ್ಕೂ ಪೆಲಾಗ್ರ ರೋಗಕ್ಕೂ ಇರುವ ನಂಟನ್ನು ಚರ್ಚಿಸಿದರು. ಅದು ಸಹಜವೇ ಆಗಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಸರಾಸರಿ ಆಯುಷ್ಯ ಸುಮಾರು 32 ವರ್ಷವಿದ್ದ ದೇಶಕ್ಕೆ ಮುದುಕಿಯ ಸ್ನಾಯುವಿನ ಚಿಂತೆ ಎಲ್ಲಿಯದು?

ವಯಸ್ಸಿನೊಡನೆ ಸ್ನಾಯು ಕರಗುವುದಕ್ಕೆ 'ಸಾರ್ಕೊಪೀನಿಯಾ' ಎಂಬ ಹೆಸರನ್ನು ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಸೂಚಿಸಿದ್ದು 1989ರಲ್ಲಿ. 1994ರಲ್ಲಿ ಬಾಸ್ಟನ್ನಿನ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದ ನೂರು ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 87; ಹೆಚ್ಚಿನವರು ಹೆಂಗಸರು. ಹತ್ತು ವಾರ ಭಾರದ ವ್ಯಾಯಾಮ ಮಾಡಿದವರ ಸ್ನಾಯುಬಲ ಇಮ್ಮಡಿಗೂ ಮೀರಿತು. ವ್ಯಾಯಾಮವಿಲ್ಲದೆ ಪೋಷಕ ಪಾನೀಯವನ್ನಷ್ಟೇ ಕುಡಿದವರ ದೌರ್ಬಲ್ಯ ಕಡಿಮೆಯಾಗಲಿಲ್ಲ.

ಈ ಫಲಿತಾಂಶದ ಬೆಳಕಿನಲ್ಲಿ ನಮ್ಮ ಅಜ್ಜಿಯರ ಬದುಕನ್ನು ನೋಡಬೇಕು. ಒನಕೆ, ಬೀಸುವ ಕಲ್ಲು, ಬಾವಿಯ ಹಗ್ಗ, ತಲೆಯ ಮೇಲಿನ ಕೊಡ: ಭಾರಕ್ಕೆ ಬರವಿರಲಿಲ್ಲ. ಬರವಿದ್ದದ್ದು ತಟ್ಟೆಯಲ್ಲಿ, ಎಲ್ಲರೂ ಉಂಡ ಮೇಲೆ ಉಳಿದದ್ದು ಅವರ ಪಾಲು. ಆದ್ದರಿಂದ ಆ ಕಾಲವನ್ನು ಹೊಗಳಿ ಹಾಡುವುದು ಅನ್ಯಾಯ. ಕಲಬುರಗಿ, ಬೀದರ, ರಾಯಚೂರುಗಳಿಂದ ಮಕ್ಕಳೊಡನಿರಲು ಹೈದರಾಬಾದಿಗೆ ಬಂದ ಇಂದಿನ ತಾಯಂದಿರದು ತಿರುಗುಮುರುಗಾದ ಸ್ಥಿತಿ. ಹಾಲು, ಬೇಳೆ, ಮೊಟ್ಟೆಗಳಿಗೆ ಮನೆಯಲ್ಲಿ ಕೊರತೆಯಿಲ್ಲ. ಎತ್ತಲು ಏನೂ ಇಲ್ಲ. ನೆಲದಿಂದ ಏಳಲು ಕಷ್ಟವಾದಾಗ ಮಕ್ಕಳು ಪ್ರೋಟೀನ್ ಪುಡಿಯ ಡಬ್ಬಿ ತರುತ್ತಾರೆ. ನನ್ನ ತಾಯಿಗೆ ನಾನು ತಂದದ್ದೂ ಅದನ್ನೇ.

ಅದೇ ತಾರ್ನಾಕಾದ ಸಂಸ್ಥೆ 2024ರಲ್ಲಿ ಪ್ರಕಟಿಸಿದ 17 ಆಹಾರ ಸೂತ್ರಗಳಲ್ಲಿ, ಮೈ ಬೆಳೆಸಲು ಪ್ರೋಟೀನ್ ಪುಡಿಗಳನ್ನು ಆಶ್ರಯಿಸಬೇಡಿ ಎಂದಿದೆ. ಹಿರಿಯರ ಆಹಾರಕ್ಕೆ ಪ್ರತ್ಯೇಕ ಸೂತ್ರವನ್ನೇ ಇಟ್ಟಿದೆ. ಊಟ ಸಾಲದ ಹಿರಿಯರಿಗೆ ವೈದ್ಯರು ಪುಡಿಯನ್ನು ಸೂಚಿಸಬಹುದು. ಅದು ಬೇರೆ ಮಾತು. ಆದರೆ ಡಬ್ಬಿಯೊಂದೇ ಬಲ ತರದು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ನೀರು ತುಂಬಿದ ಸಣ್ಣ ಬಾಟಲಿಗಳನ್ನು ಎತ್ತಿಳಿಸುವುದು, ಬಳಿಕ ಹೊಟ್ಟೆತುಂಬ ಬೇಳೆಯ ಊಟ: ಇಷ್ಟರಿಂದ ತೊಡಗಬಹುದು.

ದುಡಿಮೆಯಿದ್ದಾಗ ಅನ್ನವಿರಲಿಲ್ಲ, ಅನ್ನ ಬಂದಾಗ ದುಡಿಮೆ ಹೋಯಿತು. ನಮ್ಮ ಹೆಣ್ಣುಮಕ್ಕಳ ಚರಿತ್ರೆಯಲ್ಲಿ ಇವೆರಡೂ ಒಂದೇ ದಿನ ಒಂದೇ ಮನೆಯಲ್ಲಿ ಸೇರಿದ್ದು ಅಪರೂಪ. ಈಗ ಸೇರಿಸುವುದು ನಮ್ಮ ಕೈಯಲ್ಲಿದೆ.