ಡಬ್ಬಿ ಮುಚ್ಚಳದಿಂದ ಚಾಂಪಿಯನ್‌ಶಿಪ್‌ವರೆಗೆ: ಡಿಸ್ಕ್ ಗಾಲ್ಫ್ ಮೈದಾನದ ಕಥೆ

ಭಾಗ 1: ಶಾಲೆ ಅಂಗಳ

ಗೆಳೆಯರೇ, ಸಣ್ಣವರಿದ್ದಾಗ ಡಬ್ಬಿ ಮುಚ್ಚಳ ಬೀಸಿ ಒಗೆದು, ಎಷ್ಟು ದೂರ ಹೋಗತೈತಿ ಅಂತ ನೋಡದವರು ನಮ್ಮ ಹೊಂಬಳದಾಗ ಯಾರರ ಇದ್ದೀರೇನು? 1926ರಲ್ಲಿ ಕೆನಡಾದ ಬ್ಲಾಡ್‌ವರ್ತ್ ಎಂಬ ಸಣ್ಣ ಊರಿನ ಶಾಲೆ ಹುಡುಗರೂ ಇದನ್ನೇ ಮಾಡಿದರು. ಅಂಗಳದ ಮರಳಿನಲ್ಲಿ 4 ಅಡಿ ಅಗಲದ ವೃತ್ತ ಗೀಚಿ, ತಗಡಿನ ಮುಚ್ಚಳ ಅದರೊಳಗೆ ಬೀಳುವಂತೆ ಎಸೆದರು. 'ಟಿನ್ ಲಿಡ್ ಗಾಲ್ಫ್' ಅಂತ ಹೆಸರಿಟ್ಟರು. ಹುಡುಗರು ದೊಡ್ಡವರಾದರು, ಊರು ಬಿಟ್ಟರು. ಆಟ ಅಲ್ಲಿಗೇ ನಿಂತಿತು.

ಭಾಗ 2: ಸರಪಳಿ ಬುಟ್ಟಿ

ಅದೇ ಆಟ ಮುಂದೆ ಅಮೆರಿಕದಲ್ಲಿ ಬೇರೆಯವರ ಕೈಯಲ್ಲಿ ಮತ್ತೆ ಹುಟ್ಟಿತು. ಈ ಸಲ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಫ್ರಿಸ್ಬೀ. ಮರ, ದೀಪದ ಕಂಬ, ಕಸದ ಡಬ್ಬಿ, ಕಂಡದ್ದೆಲ್ಲಾ ಗುರಿ. ಎಡ್ ಹೆಡ್ರಿಕ್ ಎಂಬಾತ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಇದಕ್ಕಾಗಿಯೇ ಮೈದಾನ ಮಾಡಿಸಿದ. ಮೊದಲಿಗೆ ಅಲ್ಲಿ ಗುರಿ ಅಂದರೆ ನೆಟ್ಟ ಕಂಬಗಳು ಅಷ್ಟೇ. "ತಾಗಿತು", "ಇಲ್ಲ, ತಾಗಿಲ್ಲ" ಅಂತ ಜಗಳ! ಚಿಣಿಪಣಿ ಆಡಿದವರಿಗೆ ಈ ಜಗಳ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೆ ಆತ ಕಂಬಕ್ಕೆ ಸರಪಳಿ ಇಳಿಬಿಟ್ಟು, ಕೆಳಗೆ ಬುಟ್ಟಿ ಕೂಡಿಸಿದ. ಸರಪಳಿಗೆ ಬಡಿದ ಡಿಸ್ಕ್ ಝಣ್ ಅಂತ ಬುಟ್ಟಿಗೆ ಬೀಳುತ್ತದೆ. ವಾದವೇ ಇಲ್ಲ. 1976ರಲ್ಲಿ ಆಟಗಾರರ ಸಂಘ ಕಟ್ಟಿದ, 1977ರಲ್ಲಿ ಬುಟ್ಟಿಗೆ ಪೇಟೆಂಟ್ ಸಿಕ್ಕಿತು. 2002ರಲ್ಲಿ ಆತ ತೀರಿಕೊಂಡಾಗ, ಅವನ ಆಸೆಯಂತೆ ಚಿತಾಭಸ್ಮವನ್ನು ಡಿಸ್ಕ್‌ಗಳಲ್ಲೇ ಬೆರೆಸಿದರು!

ಭಾಗ 3: ಹಗ್ಗ ಮತ್ತು ಹುಲ್ಲಿನ ಪೆಂಡಿ

ನಿಯಮ ಸರಳ. ಡಿಸ್ಕ್ ಬಿದ್ದ ಜಾಗದಿಂದಲೇ ಮುಂದಿನ ಎಸೆತ, ಕಡಿಮೆ ಎಸೆತದಲ್ಲಿ ಎಲ್ಲಾ ಬುಟ್ಟಿ ಮುಗಿಸಿದವರು ಗೆದ್ದರು. ಸಾಮಾನ್ಯವಾಗಿ 18 ಬುಟ್ಟಿ.

ಕಷ್ಟ ಇರುವುದು ವಿನ್ಯಾಸದಲ್ಲಿ. ಬರೀ ದೂರ ಇಟ್ಟರೆ ತೋಳಬಲದವರಷ್ಟೇ ಗೆಲ್ಲುತ್ತಾರೆ. ಬಲಗೈಯವರು ಎದೆಯ ಮುಂದಿನಿಂದ ಬೀಸಿದ ಡಿಸ್ಕ್ ವೇಗ ಇಳಿದಂತೆ ಎಡಕ್ಕೆ ವಾಲುತ್ತದೆ. ಎಲ್ಲಾ ದಾರಿಯೂ ಎಡಕ್ಕೇ ತಿರುಗಿದರೆ ಅವರಿಗೇ ಲಾಭ. ಅದಕ್ಕೇ ಒಳ್ಳೆಯ ಮೈದಾನದಲ್ಲಿ ಎಡ, ಬಲ, ಏರು, ಇಳಿಜಾರು, ಮರಗಳ ಸಂದಿ ಎಲ್ಲವೂ ಬೆರೆತಿರುತ್ತವೆ.

ಸೌತ್ ಕೆರೊಲಿನಾದ ರಾಕ್ ಹಿಲ್‌ನಲ್ಲಿ 'ವಿನ್‌ಥ್ರಾಪ್ ಗೋಲ್ಡ್' ಎಂಬ ಹೆಸರಾಂತ ಮೈದಾನ ಇದೆ. 1999ರಿಂದ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅಲ್ಲಿ ನಡೆಯುತ್ತಿದೆ. ವಿನ್ಯಾಸ ಹೆರಾಲ್ಡ್ ಡುವಾಲ್ ಅವರದು. ನೋಡಿದರೆ ಯೂನಿವರ್ಸಿಟಿಯ ಹುಲ್ಲುಗಾವಲು, ಒಂದು ಕೆರೆ, ಅಷ್ಟೇ. ಅಲ್ಲಿ ಹಗ್ಗ ಎಳೆದು ಎಲ್ಲೆ ಮಾಡುತ್ತಾರೆ. ಆಚೆ ಬಿದ್ದರೆ ದಂಡ. 17ನೇ ಬುಟ್ಟಿಯ ಸುತ್ತ ಒಣಹುಲ್ಲಿನ ಪೆಂಡಿ ಜೋಡಿಸಿ ದ್ವೀಪ ಮಾಡಿದ್ದಾರೆ. ನಮ್ಮ ಕಣಿಕೆ ಬಣವಿ ನೆನಪಾಗತೈತಿ ನೋಡ್ರಿ! ಡಿಸ್ಕ್ ಅದರೊಳಗೇ ಇಳಿದು ಅಲ್ಲೇ ನಿಲ್ಲಬೇಕು. ಮುನ್ನಡೆಯಲ್ಲಿದ್ದವರ ಕೈಯೂ ಅಲ್ಲಿ ನಡುಗುತ್ತದೆ.

ಭಾಗ 4: ನಮ್ಮ ಗಾಳಿ

ಈಗ ನಮ್ಮ ಎರಿ ಹೊಲ ನೋಡಿರಿ. ಮರ ಕಡಿಮೆ, ಗಾಳಿ ಜೋರು. ಗದಗ ಸೀಮೆ ತುಂಬಾ ಗಾಳಿಯಂತ್ರ ಸುಮ್ಮನೆ ನಿಂತಿಲ್ಲ. ಎದುರುಗಾಳಿ ಡಿಸ್ಕನ್ನು ಮೇಲಕ್ಕೆತ್ತುತ್ತದೆ, ಹಿಂದಿನ ಗಾಳಿ ಬೇಗ ನೆಲಕ್ಕೆ ಒತ್ತುತ್ತದೆ. ಆಷಾಢದಾಗ ಒಗೆದು ನೋಡಿದರೆ ತಿಳಿಯತೈತಿ. ಅಂದರೆ ಅರ್ಧ ವಿನ್ಯಾಸ ನಮ್ಮ ಗಾಳಿಯೇ ಮಾಡಿಟ್ಟಿದೆ. ಉಳಿದದ್ದಕ್ಕೆ ಹಗ್ಗ, ಹುಲ್ಲು, ಬುಟ್ಟಿ ಸಾಕು.

ಆದರೆ ನನ್ನನ್ನು ಕಾಡುವುದು ಬ್ಲಾಡ್‌ವರ್ತ್ ಹುಡುಗರು. ಅವರ ಆಟದಲ್ಲಿ ಕೊರತೆ ಏನೂ ಇರಲಿಲ್ಲ. ಮರಳಿನ ಗೆರೆ ಗಾಳಿಗೆ ಅಳಿಸಿತು, ಹೆಡ್ರಿಕ್‌ನ ಬುಟ್ಟಿ ನೆಲದಲ್ಲಿ ಊರಿ ನಿಂತಿತು. ವ್ಯತ್ಯಾಸ ಇಷ್ಟೇ. ನಮ್ಮ ಚಿಣಿಪಣಿ, ಲಗೋರಿ ಇನ್ನೂ ಮರಳಿನ ಗೆರೆಯಲ್ಲೇ ಇವೆ. ಓಣಿಗೊಂದು ನಿಯಮ, ಅದೂ ಹಿರಿಯರ ಬಾಯಲ್ಲಿ ಮಾತ್ರ. ಇವತ್ತು ಸಂಜೆ ಅಜ್ಜನ ಹತ್ತಿರ ಕೂತು ಒಂದು ಆಟದ ನಿಯಮ ಪೂರ್ತಿ ಬರಕೊಳ್ರಿ. ಅಂಗಳ ಅಳೆಯಿರಿ, ಗೆರೆ ಎಲ್ಲಿ ಅಂತ ಗುರುತು ಹಾಕಿರಿ. ಮುಂದಿನ ಪೋಸ್ಟ್‌ನಲ್ಲಿ ಅವನ್ನೇ ಹಾಕೋಣ.

#ಹೊಂಬಳ #ಗದಗ #ಆಟದಇತಿಹಾಸ