ಎಗ್ಗು

‘ಎಗ್ಗಿಲ್ಲದೆ ಸಾಗಿದೆ ಅಕ್ರಮ ಮರಳು ದಂಧೆ.’ ಇಂಥ ತಲೆಬರಹ ಓದದ ಕನ್ನಡಿಗರು ಕಡಿಮೆ. ಮರಳಿನ ಜಾಗದಲ್ಲಿ ಮಟ್ಕಾ, ಕಳ್ಳಭಟ್ಟಿ, ಕೆರೆ ಒತ್ತುವರಿ ಯಾವುದನ್ನಿಟ್ಟರೂ ಸಾಲು ಕೆಡುವುದಿಲ್ಲ. ಎಗ್ಗು ಇರುವ ಅಧಿಕಾರಿಯ ಸುದ್ದಿ ಮಾತ್ರ ಎಲ್ಲೂ ಬರುವುದಿಲ್ಲ. ಈ ಪದ ಇವತ್ತು ಉಸಿರಾಡುತ್ತಿರುವುದೇ ‘ಇಲ್ಲ’ದ ಹೆಗಲೇರಿ.

ಹಳೆಯ ಕನ್ನಡದಲ್ಲಿ ಎಗ್ಗು ಎಂದರೆ ತಪ್ಪು, ನಾಚಿಕೆ, ದಡ್ಡತನವೂ ಹೌದು. ಎಗ್ಗ ಎಂದರೆ ಪೆದ್ದ. ಎಗ್ಗು ಸಿಗ್ಗುಗಳ ಜೋಡಿ ತೆಲುಗಿನಲ್ಲೂ ಉಂಟು. ತಪ್ಪಿನ ಹೆಸರಾಗಿದ್ದ ಪದ ಈಗ ತಪ್ಪಿಗೆ ಹಿಂಜರಿಯುವ ಮನಸ್ಸಿನ ಹೆಸರಾಗಿದೆ. ಮುಲಾಜು ಇದರ ನೆಂಟನಂತೆ ಕಂಡರೂ ಬೇರೆಯದು. ‘ಮುಲಾಜಿಲ್ಲದೆ ಕ್ರಮ’ ಎಂದು ಮಂತ್ರಿಗಳು ಎದೆಯುಬ್ಬಿಸಿ ಹೇಳುತ್ತಾರೆ. ಎಗ್ಗಿಲ್ಲದೆ ಕ್ರಮ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಮುಲಾಜು ಆಳಿನ ಮುಖ ನೋಡುತ್ತದೆ, ಎಗ್ಗು ಮಾಡುವ ಕೆಲಸವನ್ನು ನೋಡುತ್ತದೆ.

ಉತ್ತರ ಚೆನ್ನೈನ ಮಣಲಿಯನ್ನು ನೆನೆದರೆ ಎಗ್ಗು ಎಂಥ ಕೆಲಸವನ್ನು ನೋಡಬೇಕೆಂಬುದು ಸ್ಪಷ್ಟವಾಗುತ್ತದೆ. ತೈಲ ಶುದ್ಧೀಕರಣ ಅಲ್ಲಿ 1969ರಿಂದ ನಡೆದಿದೆ. ಗೊಬ್ಬರ, ಪೆಟ್ರೋಕೆಮಿಕಲ್ ಕಾರ್ಖಾನೆಗಳೂ ಜೊತೆಗಿವೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆ ಸುರಿದಾಗ ನೆರೆಯೊಂದಿಗೆ ಎಣ್ಣೆಯೂ ಹರಿದು ಬಕಿಂಗ್‌ಹ್ಯಾಮ್ ಕಾಲುವೆ ಸೇರಿತು, ಕೊಸಸ್ತಲೈಯಾರ್ ನದಿಯ ಎಣ್ಣೂರು ಅಳಿವೆಗೂ ಹಬ್ಬಿತು. ದೋಣಿ, ಬಲೆ, ಕಾಂಡ್ಲಾ ಗಿಡಗಳು ಕಪ್ಪಾದವು. ಮೀನುಗಾರರು ಬಕೆಟ್ಟು, ಮಗ್ಗುಗಳಲ್ಲಿ ಎಣ್ಣೆ ಮೊಗೆದರು. ಶುದ್ಧೀಕರಣಾಗಾರದ ಆವರಣದಲ್ಲಿ ಮಳೆನೀರಿನ ನಿರ್ವಹಣೆ ಸರಿಯಿರಲಿಲ್ಲ ಎಂದಿತು ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ. ನಮ್ಮ ಕೊಳವೆಗಳಲ್ಲಿ ಸೋರಿಕೆಯಿಲ್ಲ ಎಂದಿತು ಕಂಪನಿ. ವಿಚಾರಣೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ನಡೆಯಿತು.

ಮಂಡಳಿ, ನ್ಯಾಯಪೀಠಗಳೆಲ್ಲ ಬಂದದ್ದು ಎಣ್ಣೆ ಹರಿದ ಮೇಲೆ. ಎಗ್ಗು ಬರಬೇಕಾದದ್ದು ಮಳೆಗೆ ಮುಂಚೆ. ಅದು ಅಂಥ ದೊಡ್ಡ ಆದರ್ಶವೇನಲ್ಲ. ಬೇಲಿಯಾಚೆ ಹೋಗುವ ಚರಂಡಿಯನ್ನು ಬೇಸಿಗೆಯಲ್ಲೇ ಒಮ್ಮೆ ನೋಡಿ ಬರುವುದು. ‘ಸರಿಯಿದೆ’ ಎಂದು ಸಹಿ ಹಾಕುವ ಮುನ್ನ ಪೆನ್ನು ತಡೆಯುವುದು. ಈ ನೀರು ಯಾರ ಬಲೆಗೆ ಹೋಗುತ್ತದೆ ಎಂದು ಕೇಳಿಕೊಳ್ಳುವುದು. ಇಷ್ಟು ಮಾಡುವವರನ್ನು ಕಚೇರಿಗಳಲ್ಲಿ ‘ಅತಿ ಮಾಡ್ತಾರೆ’, ‘ಪುಕ್ಕಲು’ ಎನ್ನುವುದೇ ಹೆಚ್ಚು. ಎಗ್ಗನಿಗೆ ಪೆದ್ದನೆಂಬ ಅರ್ಥವನ್ನು ನಾವಿನ್ನೂ ಬಿಟ್ಟಿಲ್ಲ ಅಂತಾಯಿತು.

ಎಗ್ಗಿಲ್ಲದವರನ್ನು ಪತ್ರಿಕೆಗಳು ದಿನವೂ ಹೆಸರಿಸಲಿ, ತಪ್ಪೇನಿಲ್ಲ. ಹಾಗೆಯೇ ಸಹಿಗೆ ಮುನ್ನ ತಡೆದು ನಿಂತವರು ಕಂಡಾಗ ‘ಎಗ್ಗುಳ್ಳವರು’ ಎಂದು ಬಾಯ್ತುಂಬ ಹೊಗಳೋಣ. ಹೊಗಳಿಕೆಗೆ ಪದವೇ ಇಲ್ಲದ ಗುಣ ಹೆಚ್ಚು ದಿನ ಬಾಳುವುದಿಲ್ಲ.